ಪಟ್ಟಣಗಳ ವೈದ್ಯ ಪ್ಯಾಟ್ರಿಕ್ ಗೆಡ್ಡಿಸ್

ದೊಡ್ಡವರ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಅರಸರನ್ನೋ ಕವಿಗಳನ್ನೋ ದೇಶಭಕ್ತರನ್ನೋ ಆರಿಸಿಕೊಳ್ಳುವರು. ನಾನು ಆರಿಸಿಕೊಂಡವರಾದರೋ ಬೀಳಲಿದ್ದ ಮನೆಗಳನ್ನು ಎತ್ತಿ ನಿಲ್ಲಿಸಿದ ಒಬ್ಬ ಮಹನೀಯರು. ನಮ್ಮ ಸಮಾಜಶಾಸ್ತ್ರದ ಪಾಠದಲ್ಲಿ ಅವರ ಹೆಸರು ಒಂದೇ ಒಂದು ಸಾಲಿನಲ್ಲಿ ಬರುತ್ತದೆ. ೧೯೧೯ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಆ ಶಾಸ್ತ್ರದ ವಿಭಾಗವು ಆರಂಭವಾದಾಗ ಅದರ ಮೊದಲನೆಯ ಪ್ರಾಧ್ಯಾಪಕರು ಪ್ಯಾಟ್ರಿಕ್ ಗೆಡ್ಡಿಸ್. ಪರೀಕ್ಷೆಗೆ ಅಷ್ಟು ಸಾಕು. ನಾವೆಲ್ಲರೂ ಆ ಸಾಲಿನ ಕೆಳಗೆ ಗೆರೆ ಎಳೆದು ಮುಂದಿನ ಪುಟಕ್ಕೆ ಹೋದೆವು. ಆದರೆ ಅವರು ಹಳೆಯ ಮನೆಗಳನ್ನು ದುರಸ್ತಿ ಮಾಡಿಸಿದವರೆಂದು ನಮ್ಮ ಅಧ್ಯಾಪಕರು ಮಾತಿನ ನಡುವೆ ಅಂದದ್ದು ನನ್ನ ಕಿವಿಯಲ್ಲಿ ಉಳಿಯಿತು. ಅದಕ್ಕೆ ಕಾರಣ ನಮ್ಮ ಮನೆ. ಆ ಸಂಗತಿಯನ್ನು ಕೊನೆಗೆ ಹೇಳುವೆನು. ಮೊದಲು ಅವರ ಕಥೆ.

ಗೆಡ್ಡಿಸರು ಹುಟ್ಟಿದ್ದು ೧೮೫೪ರ ಅಕ್ಟೋಬರ ೨ರಂದು, ಸ್ಕಾಟ್ಲಂಡದ ಬ್ಯಾಲಟರ್ ಎಂಬ ಊರಿನಲ್ಲಿ. ತಂದೆ ಅಲೆಕ್ಸಾಂಡರ್ ಗೆಡ್ಡಿಸ್ ಸೈನ್ಯದಲ್ಲಿ ಚಾಕರಿ ಮಾಡಿದವರು. ಸಿರಿವಂತರಲ್ಲ, ಆದರೆ ಕೈಕೆಲಸವನ್ನೂ ತೋಟವನ್ನೂ ಪ್ರೀತಿಸುತ್ತಿದ್ದವರು. ಮನೆತನವು ಪರ್ತ್ ಪಟ್ಟಣದ ಹತ್ತಿರದ ಗುಡ್ಡದ ಮೇಲೆ ನೆಲಸಿತು. ಹುಡುಗನು ತಂದೆಯ ಬೆನ್ನುಹತ್ತಿ ಗುಡ್ಡ ಸುತ್ತುತ್ತ, ಗಿಡಬಳ್ಳಿಗಳನ್ನು ಗುರುತಿಸುತ್ತ, ಮೇಲಿನಿಂದ ಕೆಳಗಿನ ಊರನ್ನು ನೋಡುತ್ತ ಬೆಳೆದನು. ಮುಂದೆ ಯಾವ ಊರಿಗೆ ಹೋದರೂ ಮೊದಲು ಎತ್ತರದ ಜಾಗವೊಂದನ್ನು ಹುಡುಕಿ ಅಲ್ಲಿಂದ ಊರನ್ನು ಇಡಿಯಾಗಿ ನೋಡುವ ಅವರ ರೂಢಿಗೆ ಇಲ್ಲಿಯೇ ಬೀಜ ಬಿದ್ದಿತೆಂದು ನನಗೆ ತೋರುತ್ತದೆ.

ಶಾಲೆ ಮುಗಿದ ಮೇಲೆ ತಂದೆಯ ಇಚ್ಛೆಯಂತೆ ಕೆಲವು ಕಾಲ ಬ್ಯಾಂಕಿನಲ್ಲಿ ಕೆಲಸ ಮಾಡಿದರು. ಲೆಕ್ಕದ ವಹಿಗಳ ನಡುವೆ ಮನಸ್ಸು ನಿಲ್ಲಲಿಲ್ಲ. ೧೮೭೪ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಸಸ್ಯಶಾಸ್ತ್ರ ಕಲಿಯಲು ಸೇರಿದರು. ಅಲ್ಲಿನ ಒಣ ಪಾಠ ರುಚಿಸದೆ ಒಂದು ವಾರದಲ್ಲಿಯೇ ಬಿಟ್ಟರು. ಲಂಡನ್ನಿಗೆ ಹೋಗಿ, ಡಾರ್ವಿನ್ನರ ವಾದದ ಬಲಗೈ ಎನಿಸಿದ್ದ ಹಕ್ಸ್‌ಲೀಯವರ ಕೈಕೆಳಗೆ ಜೀವಶಾಸ್ತ್ರವನ್ನು ಅಭ್ಯಾಸ ಮಾಡಿದರು. ಆದರೆ ಎಂದೂ ಯಾವ ಪದವಿ ಪರೀಕ್ಷೆಯನ್ನೂ ಅವರು ಕಟ್ಟಲಿಲ್ಲ. ಮುಂದೆ ಎರಡು ವಿಶ್ವವಿದ್ಯಾಲಯಗಳಲ್ಲಿ ಎರಡು ಬೇರೆ ಬೇರೆ ಶಾಸ್ತ್ರಗಳ ಪ್ರಾಧ್ಯಾಪಕರಾದ ಈ ಪುರುಷರಿಗೆ ಒಂದು ಬಿ.ಎ. ಕೂಡ ಇರಲಿಲ್ಲವೆಂಬುದನ್ನು ಓದಿದಾಗ, ನಮ್ಮ ಮನೆತನದಲ್ಲಿ ಮೊದಲ ಬಾರಿಗೆ ಪದವಿಯ ಬಾಗಿಲಿಗೆ ಬಂದಿರುವ ನಾನು ನಕ್ಕೆನೋ ನಿಟ್ಟುಸಿರಿಟ್ಟೆನೋ ತಿಳಿಯದು. ಆ ದಾರಿ ಅವರಂಥವರಿಗೆ ಮಾತ್ರ. ನಮ್ಮಂಥವರಿಗೆ ಕಾಗದವೂ ಬೇಕು.

೧೮೭೯ರಲ್ಲಿ ಪ್ರಾಣಿಸಸ್ಯಗಳ ಸಂಗ್ರಹಕ್ಕೆಂದು ಮೆಕ್ಸಿಕೋ ದೇಶಕ್ಕೆ ಹೋದಾಗ ಅವರಿಗೆ ಒಂದು ಆಪತ್ತು ಬಂದಿತು. ಕಣ್ಣು ಕಾಣದಾದವು. ಕತ್ತಲ ಕೋಣೆಯಲ್ಲಿ ವಾರಗಟ್ಟಲೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂಡ್ರಬೇಕಾಯಿತು. ಇಪ್ಪತ್ತೈದು ವಯಸ್ಸಿನ ವಿಜ್ಞಾನಿಗೆ, ಸೂಕ್ಷ್ಮದರ್ಶಕವೇ ಜೀವನೋಪಾಯವಾಗಿದ್ದವನಿಗೆ, ಇದಕ್ಕಿಂತ ದೊಡ್ಡ ಪೆಟ್ಟು ಯಾವುದು? ಆ ಕತ್ತಲಲ್ಲಿ ಕೈಯಾಡಿಸುತ್ತಿದ್ದಾಗ ಕಿಟಕಿಯ ಗಾಜಿನ ಚೌಕಗಳು ಬೆರಳಿಗೆ ಸಿಕ್ಕವು. ಒಂದೊಂದು ಚೌಕಕ್ಕೆ ಒಂದೊಂದು ವಿಚಾರವನ್ನು ಇಟ್ಟು, ಒಂದಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ಮನಸ್ಸಿನಲ್ಲಿಯೇ ಜೋಡಿಸುವ ಪದ್ಧತಿಯನ್ನು ಅವರು ಕಂಡುಕೊಂಡರು. ಕಣ್ಣು ಮರಳಿ ಬಂದವು. ಆದರೆ ಸೂಕ್ಷ್ಮದರ್ಶಕದ ಕೆಲಸಕ್ಕೆ ಮೊದಲಿನ ಬಲ ಉಳಿಯಲಿಲ್ಲ. ಆಗ ಅವರ ದೃಷ್ಟಿಯು ಕೀಟಗಳಿಂದ ಮನುಷ್ಯರ ಕಡೆಗೆ, ಗೂಡುಗಳಿಂದ ಮನೆಗಳ ಕಡೆಗೆ ಹೊರಳಿತು. ಜೀವಿಯನ್ನು ಅದು ಬದುಕುವ ಸ್ಥಳದಿಂದ ಬೇರ್ಪಡಿಸಿ ತಿಳಿಯಲಾಗದೆಂಬ ಪಾಠವನ್ನು ಮಾತ್ರ ಅವರು ಜೊತೆಯಲ್ಲಿಯೇ ತಂದರು.

ಈಗ ಎಡಿನ್‌ಬರೋ ನಗರದ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. ಅಲ್ಲಿ ಕೋಟೆಯಿಂದ ಇಳಿಯುವ ದಿನ್ನೆಯ ಮೇಲೆ ಹಳೆಯ ಪಟ್ಟಣ. ಜಾಗ ಕಡಿಮೆ, ಆದ್ದರಿಂದ ಅಂತಸ್ತಿನ ಮೇಲೆ ಅಂತಸ್ತು ಏರಿಸಿ ಒಂದೊಂದು ಕಟ್ಟಡದಲ್ಲಿ ಹತ್ತಾರು ಮನೆತನಗಳು ಇರುತ್ತಿದ್ದವು. ಮೊದಲು ಬಡವರೂ ಬಲ್ಲಿದರೂ ಒಂದೇ ಮೆಟ್ಟಲು ಹತ್ತುತ್ತಿದ್ದರು. ೧೭೬೭ರಿಂದ ಉತ್ತರಕ್ಕೆ ಹೊಸ ಪಟ್ಟಣದ ಕಟ್ಟೋಣ ಆರಂಭವಾದ ಮೇಲೆ ಉಳ್ಳವರು ಅತ್ತ ಹೋದರು. ಹಳೆಯ ಮನೆಗಳು ಕೋಣೆ ಕೋಣೆಯಾಗಿ ಒಡೆದು ಬಾಡಿಗೆಗೆ ಹೋದವು. ನೀರಿಲ್ಲ, ಗಾಳಿಯಿಲ್ಲ, ಅಂಗಳದಲ್ಲಿ ಹೊಲಸು. ೧೮೬೧ರಲ್ಲಿ ಅಂಥ ಒಂದು ಕಟ್ಟಡ ನಡುರಾತ್ರಿ ಕುಸಿದು ೩೫ ಜನರು ಸತ್ತರು. ಆಗ ನಗರದವರು ಎಚ್ಚತ್ತು ೧೮೬೭ರಲ್ಲಿ ಸುಧಾರಣೆಯ ಕಾಯಿದೆಯೊಂದನ್ನು ಮಾಡಿಸಿಕೊಂಡರು. ಸುಧಾರಣೆಯೆಂದರೆ ಕೆಡವುವುದು. ಹಳೆಯ ಓಣಿಗಳನ್ನು ಕೆಡವಿ ಅಗಲವಾದ ಬೀದಿಗಳನ್ನು ಮಾಡಿದರು. ಬೀದಿಗಳು ಚೆನ್ನಾಗಿಯೇ ಆದವು. ಆದರೆ ಕೆಡವಿದ ಮನೆಗಳಲ್ಲಿದ್ದವರು ಎಲ್ಲಿ ಹೋಗಬೇಕು? ಪಕ್ಕದ ಓಣಿಗೆ ಹೋದರು. ಅಲ್ಲಿ ಮೊದಲೇ ತುಂಬಿದ್ದ ಕೋಣೆಗಳು ಇನ್ನಷ್ಟು ತುಂಬಿದವು. ಹುಣ್ಣನ್ನು ಒಂದು ಕಡೆ ಕೊಯ್ದರೆ ಅದು ಇನ್ನೊಂದು ಕಡೆ ಎದ್ದಿತು.

ಗೆಡ್ಡಿಸರು ೧೮೮೬ರಲ್ಲಿ ಆ್ಯನಾ ಮಾರ್ಟನ್ ಎಂಬ ವಿದ್ಯಾವಂತೆಯನ್ನು ಮದುವೆಯಾದರು. ಲಿವರ್‌ಪೂಲಿನ ವ್ಯಾಪಾರಿಯ ಮಗಳು. ಮರುವರ್ಷ ಗಂಡಹೆಂಡಿರು ಅನುಕೂಲವಾದ ಬಿಡಾರವನ್ನು ಬಿಟ್ಟು, ಹಳೆಯ ಪಟ್ಟಣದ ಜೇಮ್ಸ್ ಕೋರ್ಟ್ ಎಂಬ ಗಲೀಜು ಅಂಗಳದ ಕಟ್ಟಡದಲ್ಲಿ ಮನೆ ಮಾಡಿದರು. ಒಂದು ಕಾಲಕ್ಕೆ ತತ್ತ್ವಜ್ಞಾನಿ ಹ್ಯೂಮ್ ಇದ್ದ ಅಂಗಳವದು. ಇವರು ಹೋದಾಗ ಬಡವರ ಬಿಡಾರಗಳಿಂದ ಕಿಕ್ಕಿರಿದಿತ್ತು. ಬಡವರ ಮೇಲೆ ಭಾಷಣ ಮಾಡುವವರು ಬಹಳ. ಅವರ ಮೆಟ್ಟಲ ಮೇಲೆಯೇ ತಮ್ಮ ಸಂಸಾರ ಹೂಡುವವರು ವಿರಳ. ಗೆಡ್ಡಿಸರು ನೆರೆಯವರಿಗೆ ಉಪದೇಶ ಮಾಡಲಿಲ್ಲ. ಮೊದಲು ತಮ್ಮ ಮನೆಯನ್ನು ಗುಡಿಸಿ ಸುಣ್ಣ ಬಳಿದರು. ಕಿಟಕಿಗೆ ಹೂವಿನ ಕುಂಡ ಇಟ್ಟರು. ಬಳಿಕ ನೆರೆಯವರೊಡನೆ ಸೇರಿ ಅಂಗಳ ಸ್ವಚ್ಛ ಮಾಡಿದರು, ಗೋಡೆಗಳಿಗೆ ಬಣ್ಣ ಹಚ್ಚಿದರು. ತೀರ ಕೊಳೆತ ಕಟ್ಟಡದ ಭಾಗವನ್ನಷ್ಟೇ ತೆಗೆದರೆ ಉಳಿದ ಮನೆಗಳಿಗೆ ಬೆಳಕು ಬರುವುದೆಂದೂ, ತೆರವಾದ ಜಾಗದಲ್ಲಿ ಮಕ್ಕಳಿಗೆ ಆಟಕ್ಕೆ ಅಂಗಳವೂ ಗಿಡಗಳಿಗೆ ಪಾತಿಯೂ ಆಗುವುದೆಂದೂ ತೋರಿಸಿಕೊಟ್ಟರು. ಆ ಬಂಡೆಯ ಊರಿನಲ್ಲಿ ಸಂದುಗೊಂದುಗಳಲ್ಲಿ ಸಣ್ಣ ಸಣ್ಣ ತೋಟಗಳು ಎದ್ದವು.

ಅದೇ ೧೮೮೭ರ ಸುಮಾರಿಗೆ ನಮ್ಮ ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆಯ ನೀರಿನ ಬಲದಿಂದ ಹತ್ತಿಯ ಗಿರಣಿ ತಿರುಗತೊಡಗಿತ್ತು. ಗಿರಣಿ ಬಂದಲ್ಲಿ ಸಾಲುಮನೆ ಬರುವುದು. ಒಂದು ಗೋಡೆಗೆ ಎರಡು ಸಂಸಾರ ಆತುಕೊಳ್ಳುವುದು. ಎಡಿನ್‌ಬರೋದಲ್ಲಿಯೂ ಮುಂಬಯಿಯಲ್ಲಿಯೂ ಗೋಕಾಕದಲ್ಲಿಯೂ ಹಲವು ಮನೆತನಗಳು ಒಂದೇ ಮಾಡಿನಡಿ ಬದುಕುವ ಪ್ರಶ್ನೆಯು ಒಂದೇ ಕಾಲಕ್ಕೆ ಎದ್ದಿತ್ತೆಂಬುದನ್ನು ನೆನೆದರೆ, ಗೆಡ್ಡಿಸರು ನಮಗೆ ಪರಕೀಯರೆನಿಸುವುದಿಲ್ಲ.

ಆ ವರ್ಷವೇ ಅವರು ವಿದ್ಯಾರ್ಥಿಗಳಿಗಾಗಿ ವಸತಿಗೃಹವೊಂದನ್ನು ತೆರೆದರು. ಹಳೆಯ ಕಟ್ಟಡವನ್ನು ಸರಿಪಡಿಸಿ ಮಾಡಿದ ಆ ವಸತಿಗೃಹಕ್ಕೆ ಮೇಲ್ವಿಚಾರಕರಿರಲಿಲ್ಲ. ವಿದ್ಯಾರ್ಥಿಗಳೇ ಕೂಡಿ ಆಡಳಿತ ನಡೆಸಬೇಕು. ಸ್ಕಾಟ್ಲಂಡದಲ್ಲಿ ಅಂಥದು ಅದೇ ಮೊದಲು. ಮುಂದೆ ರಿಡಲ್ಸ್ ಕೋರ್ಟ್ ಎಂಬ, ಹದಿನಾರನೆಯ ಶತಮಾನದ ವ್ಯಾಪಾರಿಯ ಮನೆಯನ್ನೂ ವಿದ್ಯಾರ್ಥಿಗಳ ವಾಸಕ್ಕೆ ಅಣಿಗೊಳಿಸಿದರು. ಸ್ಕಾಟ್ಲಂಡದ ಅರಸನಿಗೆ ಔತಣ ನಡೆದಿದ್ದ ಆ ಮನೆಯು ನಡುವೆ ಪಾಳುಬಿದ್ದ ಬಿಡಾರವಾಗಿ, ಕೊನೆಗೆ ಓದುವ ಹುಡುಗರ ಮನೆಯಾಯಿತು. ವಿದ್ಯೆ ಇರುವವರೂ ಇಲ್ಲದವರೂ ಒಂದೇ ಓಣಿಯಲ್ಲಿ ಬಾಳಿದರೆ ಓಣಿಗೂ ವಿದ್ಯೆಗೂ ಹಿತವೆಂಬುದು ಅವರ ಲೆಕ್ಕಾಚಾರ.

೧೮೯೦ರಿಂದ ನಾಲ್ಕೈದು ವರ್ಷ ಕೋಟೆಯ ಬದಿಯ ರ್‍ಯಾಮ್ಸೆ ಗಾರ್ಡನ್ನಿನ ಕೆಲಸ ನಡೆಯಿತು. ಅಲ್ಲಿ ಹದಿನೆಂಟನೆಯ ಶತಮಾನದ ಕವಿ ಆ್ಯಲನ್ ರ್‍ಯಾಮ್ಸೆಯ ಎಂಟು ಮೂಲೆಯ ಮನೆಯೊಂದಿತ್ತು. ಅದನ್ನು ಕೆಡವದೆ ನಡುವೆ ಇಟ್ಟುಕೊಂಡು, ಸುತ್ತಲೂ ಹೊಸ ಮನೆಗಳನ್ನು ಹೆಣೆದು, ವಿದ್ಯಾರ್ಥಿಗಳೂ ಪ್ರಾಧ್ಯಾಪಕರೂ ಇರುವ ಸಮುಚ್ಚಯವನ್ನು ಕಟ್ಟಿಸಿದರು. ನಕ್ಷೆ ಬರೆದವರು ಕ್ಯಾಪರ್ ಮತ್ತು ಮಿಚೆಲ್ ಎಂಬ ಶಿಲ್ಪಿಗಳು. ಗೆಡ್ಡಿಸರು ಸ್ವತಃ ಶಿಲ್ಪಶಾಸ್ತ್ರವನ್ನು ಕಲಿತವರಲ್ಲ; ಯಾವ ಮನೆ ಉಳಿಯಬೇಕು, ಯಾವುದು ಹೋಗಬೇಕು, ಉಳಿದದ್ದರಲ್ಲಿ ಯಾರು ಇರಬೇಕು ಎಂಬುದನ್ನು ನಿಶ್ಚಯಿಸುವುದೇ ಅವರ ಶಿಲ್ಪ. ೧೮೯೨ರಲ್ಲಿ ಅದರ ಹತ್ತಿರವೇ ಹಳೆಯ ಗೋಪುರವೊಂದನ್ನು ಕೊಂಡರು. ಅದರ ತುದಿಯಲ್ಲಿ ಕನ್ನಡಿಯೂ ಮಸೂರವೂ ಇದ್ದ ಕತ್ತಲ ಕೋಣೆ. ಮೇಜಿನ ಮೇಲೆ ಊರಿನ ಚಿತ್ರ ಚಲಿಸುತ್ತ ಬೀಳುವುದು. ಗೆಡ್ಡಿಸರು ಆ ಗೋಪುರವನ್ನು ಪಾಠಶಾಲೆಯನ್ನಾಗಿ ಮಾಡಿದರು. ತುದಿಯಲ್ಲಿ ಊರನ್ನು ನೋಡಿದವನು ಅಂತಸ್ತು ಅಂತಸ್ತಾಗಿ ಇಳಿಯುತ್ತ ತನ್ನ ನಗರ, ತನ್ನ ನಾಡು, ಯುರೋಪು, ಕೊನೆಗೆ ಜಗತ್ತು ಹೀಗೆ ತಿಳಿದುಕೊಳ್ಳಬೇಕು. ಅದೇ ೧೮೯೨ರಲ್ಲಿ ನಮ್ಮ ವಿಜಾಪುರದ ಗೋಲಗುಮ್ಮಟದ ಮುಂದಿನ ನಗಾರಖಾನೆಯು ವಸ್ತುಸಂಗ್ರಹಾಲಯವಾಯಿತು. ನಗಾರಿ ನಿಂತ ಮೇಲೂ ನಗಾರಖಾನೆಗೆ ಕೆಲಸ ಸಿಕ್ಕಿತು. ಹಳೆಯ ಕಟ್ಟಡಕ್ಕೆ ಹೊಸ ಕೆಲಸ ಕೊಟ್ಟರೆ ಅದು ಬದುಕುವುದು. ಕೆಲಸವಿಲ್ಲದ ಕಟ್ಟಡಕ್ಕೆ ಪಾರಿವಾಳಗಳೇ ಯಜಮಾನರು.

ಇಷ್ಟೆಲ್ಲ ಮಾಡಲು ಹಣ ಎಲ್ಲಿಂದ ಬಂದಿತು? ಬಹುಮಟ್ಟಿಗೆ ಸಾಲದಿಂದ. ಹಣದ ವಿಷಯದಲ್ಲಿ ಗೆಡ್ಡಿಸರು ಬ್ಯಾಂಕಿನಲ್ಲಿ ಕಲಿತದ್ದನ್ನೆಲ್ಲ ಮರೆತಿದ್ದರು. ಮನೆ ಕೊಳ್ಳುವುದು, ದುರಸ್ತಿ ಮಾಡಿಸುವುದು, ಅದು ಮುಗಿಯುವ ಮೊದಲೇ ಇನ್ನೊಂದಕ್ಕೆ ಕೈಹಾಕುವುದು ಅವರ ಸ್ವಭಾವ. ಲೆಕ್ಕದ ಭಾರವನ್ನು ಹೊತ್ತವರು ಆ್ಯನಾ. ಕೊನೆಗೆ ೧೮೯೬ರಲ್ಲಿ ಹಿತೈಷಿಗಳು ಕೂಡಿ ಪಾಲುಬಂಡವಾಳದ ಸಂಘವೊಂದನ್ನು ಸ್ಥಾಪಿಸಿ ಆ ಆಸ್ತಿಗಳ ಹೊಣೆಯನ್ನು ವಹಿಸಿಕೊಂಡರು. ೧೮೮೮ರಿಂದ ಡಂಡೀ ಪಟ್ಟಣದ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಹುದ್ದೆ ಇದ್ದಿತು. ಮಿತ್ರರೊಬ್ಬರು ದತ್ತಿಯಿಟ್ಟು ನಿರ್ಮಿಸಿದ ಆ ಹುದ್ದೆಯಲ್ಲಿ ಬೇಸಿಗೆಯ ಅವಧಿಯಲ್ಲಿ ಮಾತ್ರ ಪಾಠ. ಉಳಿದ ಕಾಲ ಪಟ್ಟಣಗಳಿಗೆ. ಅದನ್ನು ಅವರು ೧೯೧೯ರ ವರೆಗೆ ನಡೆಸಿದರು.

ಅರುವತ್ತರ ಹೊಸ್ತಿಲಲ್ಲಿ ಅವರಿಗೆ ಭಾರತದ ಕರೆ ಬಂದಿತು. ಮದ್ರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲಂಡರು ಅವರ ನಗರಪ್ರದರ್ಶನವನ್ನು ಇಲ್ಲಿಗೆ ತರಿಸಲು ಇಚ್ಛಿಸಿದರು. ನಕ್ಷೆ, ಚಿತ್ರ, ಮಾದರಿಗಳೆಲ್ಲವನ್ನೂ ತುಂಬಿದ ಕ್ಲ್ಯಾನ್ ಗ್ರ್ಯಾಂಟ್ ಹಡಗು ೧೯೧೪ರ ಅಕ್ಟೋಬರದಲ್ಲಿ ಬರುತ್ತಿರುವಾಗ ಜರ್ಮನರ ಎಮ್ಡನ್ ನೌಕೆ ಅದನ್ನು ಮುಳುಗಿಸಿತು. ವರ್ಷಗಳ ಸಂಗ್ರಹವು ಸಮುದ್ರದ ಪಾಲಾಯಿತು. ಬೇರೆಯವರಾಗಿದ್ದರೆ ಮರಳಿ ಹೋಗುತ್ತಿದ್ದರು. ಗೆಡ್ಡಿಸರು ಗೆಳೆಯರಿಗೆ ಬರೆದು ಹೊಸ ಸಾಮಗ್ರಿ ತರಿಸಿ, ೧೯೧೫ರ ಜನೆವರಿಯಲ್ಲಿ ಮದ್ರಾಸಿನಲ್ಲಿ ಪ್ರದರ್ಶನವನ್ನು ನಡೆಸಿಯೇಬಿಟ್ಟರು.

ಆ ಮೇಲೆ ಹತ್ತು ವರ್ಷಗಳ ಬಹುಭಾಗ ಅವರು ಈ ದೇಶದ ಊರೂರು ತಿರುಗಿದರು. ಮದ್ರಾಸ್ ಪ್ರಾಂತದ ಪಟ್ಟಣಗಳನ್ನು ಕುರಿತ ೧೯೧೫ರ ವರದಿಯಲ್ಲಿ ತಂಜಾವೂರು ಮಧುರೆಗಳ ಜೊತೆಗೆ ನಮ್ಮ ಬಳ್ಳಾರಿಯೂ ಇದೆ. ನಮ್ಮ ಬೆಳಗಾವಿ ಜಿಲ್ಲೆಯು ಆಗ ಸೇರಿದ್ದ ಮುಂಬಯಿ ಪ್ರಾಂತದ ಊರುಗಳನ್ನು ಕುರಿತೂ ಅದೇ ವರ್ಷ ವರದಿ ಬರೆದರು. ಬಲರಾಮಪುರ, ಲಾಹೋರ, ಇಂದೂರು ಮುಂತಾದವು ಬಳಿಕ ಬಂದವು. ಅವರ ಪದ್ಧತಿ ಒಂದೇ: ಮೊದಲು ನಡೆಯುವುದು. ಬೆಳಗಿನಿಂದ ಸಂಜೆಯ ವರೆಗೆ ಓಣಿ ಓಣಿ ಹೊಕ್ಕು, ಯಾವ ಗೋಡೆ ಗಟ್ಟಿ, ಯಾವುದು ಸಡಿಲು, ನೀರು ಎಲ್ಲಿ ಹರಿದು ಎಲ್ಲಿ ನಿಲ್ಲುವುದು, ಹೆಂಗಸರು ಎಲ್ಲಿ ಕೂಡುವರು, ಮಕ್ಕಳು ಎಲ್ಲಿ ಆಡುವರು ಎಂಬುದನ್ನು ನಕ್ಷೆಯಲ್ಲಿ ಗುರುತಿಸುವುದು. ಆ ಮೇಲೆ ತೀರ ಕೆಟ್ಟ ನಾಲ್ಕೆಂಟು ಮನೆಗಳನ್ನಷ್ಟೇ ತೆಗೆದು, ಅಲ್ಲಿ ಗಿಡನೆಟ್ಟ ಕಟ್ಟೆಯನ್ನೋ ಬಯಲನ್ನೋ ಮಾಡಿ, ಉಳಿದೆಲ್ಲವನ್ನು ದುರಸ್ತಿ ಮಾಡಬೇಕೆನ್ನುವುದು. ರೋಗಿಯ ಕೈಕಾಲು ಕಡಿಯದೆ ಹುಣ್ಣನ್ನು ಮಾತ್ರ ತೆಗೆಯುವ ವೈದ್ಯನ ಮಿತವಾದ ಶಸ್ತ್ರಚಿಕಿತ್ಸೆಗೆ ಅವರು ಇದನ್ನು ಹೋಲಿಸಿದರು. ಊರಿನ ನಡುವೆ ಗೆರೆ ಎಳೆದಂತೆ ರಸ್ತೆ ತೆಗೆಯುವ ಇಂಜನಿಯರರ ಯೋಜನೆಗಿಂತ ಇದರ ಖರ್ಚು ಬಹಳ ಕಡಿಮೆಯೆಂದೂ, ಇದರಲ್ಲಿ ಮನೆ ಕಳೆದುಕೊಳ್ಳುವವರು ಬೆರಳೆಣಿಕೆಯವರೆಂದೂ ಅಂಕಿಗಳಿಂದ ತೋರಿಸಿದರು.

ನಮ್ಮವರ ರೂಢಿಗಳನ್ನು ಅವರು ಮೂಢವೆಂದು ತಳ್ಳಲಿಲ್ಲ. ಅಂಗಳದ ತುಳಸಿಕಟ್ಟೆ ಚೆನ್ನಾಗಿದ್ದರೆ ಆ ಮನೆಯ ಗೃಹಿಣಿ ಮನೆಯನ್ನೆಲ್ಲ ಚೆನ್ನಾಗಿ ಇಟ್ಟಿರುವಳೆಂದು ತಿಳಿದರು. ಮಲೇರಿಯಾದ ಹೆದರಿಕೆಯಿಂದ ಊರ ಕೆರೆಗಳನ್ನು ಮುಚ್ಚಿಸಲು ಅಧಿಕಾರಿಗಳು ಹೊರಟಾಗ, ಕೆರೆಯನ್ನು ಮುಚ್ಚಬೇಡಿರಿ, ಮೀನು ಬಾತುಗಳನ್ನು ಬಿಡಿರಿ, ಅವು ಸೊಳ್ಳೆಯ ಮರಿಗಳನ್ನು ತಿನ್ನುವವೆಂದು ತಿಳಿಹೇಳಿದರು. ಇಂದೂರಿನಲ್ಲಿ ಪ್ಲೇಗು ಹೆಚ್ಚಿದ್ದಾಗ ದೀಪಾವಳಿಗೆ ದೊಡ್ಡ ಮೆರವಣಿಗೆ ಹೂಡಿದರು. ಯಾವ ಓಣಿ ಹೆಚ್ಚು ಸ್ವಚ್ಛವಾಗಿರುವುದೋ ಆ ಓಣಿಯಲ್ಲಿ ಮೆರವಣಿಗೆ ಹೋಗುವುದೆಂದು ಸಾರಿದರು. ಮನೆ ಮನೆ ಸುಣ್ಣ ಕಂಡಿತು, ಗಾಡಿಗಟ್ಟಲೆ ಕಸ ಊರ ಹೊರಗೆ ಹೋಯಿತು. ಮೆರವಣಿಗೆಯಲ್ಲಿ ಪ್ಲೇಗಿನ ಇಲಿಯ ದೊಡ್ಡ ಪ್ರತಿಮೆಯಿತ್ತು, ಲಕ್ಷ್ಮಿಯಿದ್ದಳು. ಊರು ಗುಡಿಸುವ ಜನರು ಶುಭ್ರವಾದ ಬಟ್ಟೆ ತೊಟ್ಟು ಹೂಮಾಲೆ ಧರಿಸಿ ಮಾನದಿಂದ ನಡೆದರು. ಕಾಯಿದೆಯಿಂದ ಆಗದ ಕೆಲಸ ಹಬ್ಬದಿಂದ ಆಯಿತು.

ಈ ನಡುವೆ ೧೯೧೭ನೆಯ ವರ್ಷ ಅವರ ಪಾಲಿಗೆ ಕರಾಳವಾಗಿ ಬಂದಿತು. ಹಿರಿಯ ಮಗ ಅಲಸ್ಟೇರ್, ೧೯೧೪ರಲ್ಲಿ ತಂದೆಯ ಜೊತೆ ಭಾರತಕ್ಕೆ ಬಂದು ದುಡಿದವನು, ಏಪ್ರಿಲದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಮಡಿದನು. ಆಗ ಆ್ಯನಾ ಈ ದೇಶದಲ್ಲಿಯೇ ಕಾಯಿಲೆ ಬಿದ್ದಿದ್ದರು. ಮಗನ ಮರಣದ ಸುದ್ದಿಯನ್ನು ಹೆಂಡತಿಗೆ ತಿಳಿಸುವ ಧೈರ್ಯ ಗೆಡ್ಡಿಸರಿಗೆ ಆಗಲಿಲ್ಲ. ಮಗನು ಮೊದಲು ಬರೆದಿದ್ದ ಕಾಗದಗಳನ್ನೇ ಓದಿ ಹೇಳುತ್ತಿದ್ದರು. ಜೂನಿನಲ್ಲಿ ಆ್ಯನಾ ಕಲಕತ್ತೆಯಲ್ಲಿ ತೀರಿಕೊಂಡರು; ಮಗ ಬದುಕಿರುವನೆಂದೇ ತಿಳಿದು ಕಣ್ಣು ಮುಚ್ಚಿದರು. ನೂರಾರು ಮನೆಗಳನ್ನು ನಿಲ್ಲಿಸಿದವರ ಸ್ವಂತ ಮನೆ ಮೂರು ತಿಂಗಳಲ್ಲಿ ಕುಸಿದಿತ್ತು. ಅವರು ಇಂದೂರಿನ ಕೆಲಸಕ್ಕೆ ಹೋದರು. ಎರಡು ಸಂಪುಟಗಳ ಆ ವರದಿ ೧೯೧೮ರಲ್ಲಿ ಹೊರಬಿದ್ದಿತು. ಅವರ ಭಾರತದ ವರದಿಗಳಲ್ಲಿ ಅದೇ ದೊಡ್ಡದು.

೧೯೧೯ರಲ್ಲಿ, ೬೫ನೆಯ ವಯಸ್ಸಿನಲ್ಲಿ, ಮುಂಬಯಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಆಗ ಧಾರವಾಡದ ಕರ್ನಾಟಕ ಕಾಲೇಜು ಸಹ ಆ ವಿಶ್ವವಿದ್ಯಾಲಯಕ್ಕೆ ಸೇರಿತ್ತಾದ್ದರಿಂದ, ಒಂದು ಅರ್ಥದಲ್ಲಿ ಅವರು ನಮ್ಮ ಹಿರಿಯರ ವಿಶ್ವವಿದ್ಯಾಲಯದ ಗುರುಗಳೂ ಹೌದು. ಮುಂದೆ ಆ ವಿಭಾಗಕ್ಕೆ ಹೆಸರು ತಂದ ಗೋವಿಂದ ಸದಾಶಿವ ಘುರ್ಯೆಯವರನ್ನು ವಿಲಾಯತಿಯ ಅಭ್ಯಾಸಕ್ಕೆ ಆರಿಸಿದವರು ಇವರೇ. ೧೯೨೦ರಲ್ಲಿ ವಿಜ್ಞಾನಿ ಜಗದೀಶಚಂದ್ರ ಬೋಸರ ಚರಿತ್ರೆಯನ್ನು ಬರೆದರು. ರವೀಂದ್ರರ ಸ್ನೇಹವನ್ನು ಗಳಿಸಿದರು. ೧೯೨೪ರಲ್ಲಿ ಆರೋಗ್ಯ ಕೆಟ್ಟು ಭಾರತವನ್ನು ಬಿಟ್ಟರು. ಫ್ರಾನ್ಸಿನ ಮಾಂಪೆಲಿಯೇ ಪಟ್ಟಣದಲ್ಲಿ ವಿದ್ಯಾರ್ಥಿಗಳಿಗಾಗಿ ಮತ್ತೊಂದು ವಸತಿಗೃಹವನ್ನು ಕಟ್ಟಿಸತೊಡಗಿದರು. ೧೯೨೫ರಲ್ಲಿ ಟೆಲ್ ಅವೀವ್ ನಗರದ ಯೋಜನೆಯನ್ನು ಸಿದ್ಧಪಡಿಸಿದರು. ೧೯೩೨ರಲ್ಲಿ ಸರ್ ಪದವಿ ಬಂದಿತು. ಅದೇ ವರ್ಷದ ಏಪ್ರಿಲ ೧೭ರಂದು ಮಾಂಪೆಲಿಯೇದಲ್ಲಿ ದೇಹವಿಟ್ಟರು.

ಗೆಡ್ಡಿಸರನ್ನು ಹೊಗಳುವುದಷ್ಟೇ ನನ್ನ ಉದ್ದೇಶವಲ್ಲ. ಅವರ ಬಹಳಷ್ಟು ವರದಿಗಳು ಕಚೇರಿಯ ಕಪಾಟುಗಳಲ್ಲಿ ಧೂಳು ತಿಂದವು. ಆಳುವ ಪರಕೀಯ ಸರಕಾರದ ಹಾಗೂ ಸಂಸ್ಥಾನಿಕರ ಕರೆಯ ಮೇಲೆ ಕೆಲಸ ಮಾಡಿದ್ದರಿಂದ, ಆಳುವವರಿಗೆ ಬೇಡವಾದದ್ದು ನಡೆಯಲಿಲ್ಲ. ಅವರ ಮಾತು ಉದ್ದ, ಬರಹ ತೊಡಕು. ಗಡ್ಡದೊಳಗೇ ಗೊಣಗುವರೆಂದು ಕೇಳುಗರು ಬೇಸರಪಡುತ್ತಿದ್ದರಂತೆ. ರ್‍ಯಾಮ್ಸೆ ಗಾರ್ಡನ್ನಿನ ಚೆಲುವಾದ ಮನೆಗಳಿಗೆ ಬಂದವರು ಪ್ರಾಧ್ಯಾಪಕರೇ ಹೊರತು ಜೇಮ್ಸ್ ಕೋರ್ಟಿನ ಬಡವರಲ್ಲ. ಹಳೆಯ ಮನೆ ಚೆಲುವಾದೊಡನೆ ಅದರ ಬೆಲೆ ಏರಿ, ಮೊದಲಿದ್ದವರ ಕೈಗೆ ಎಟುಕದಂತಾಗುವುದೆಂಬ ತೊಡಕನ್ನು ಅವರೂ ಬಿಡಿಸಲಿಲ್ಲ, ಅವರ ನಂತರದವರೂ ಬಿಡಿಸಲಿಲ್ಲ.

ಇನ್ನು ನಮ್ಮ ಮನೆಯ ಮಾತು. ಗೋಕಾಕದ ಹಳೆಯ ಊರಿನಲ್ಲಿ, ನದಿಯ ಮಗ್ಗಲಿಗೆ, ನಮ್ಮದೊಂದು ಮಣ್ಣುಗೋಡೆಯ ವಾಡೆ. ಹೊರಗೆ ಬಾಗಿಲು ಒಂದೇ, ಒಳಗೆ ಒಲೆ ಐದು. ೨೦೧೯ರ ಆಗಸ್ಟದಲ್ಲಿ ಘಟಪ್ರಭೆಯೂ ಮಾರ್ಕಂಡೇಯವೂ ಉಕ್ಕಿ ಊರೊಳಗೆ ಹೊಕ್ಕಾಗ ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದೆ. ನೀರು ಇಳಿದ ಮೇಲೆ ಬಂದು ನೋಡಿದರೆ ಪಡುವಣ ಗೋಡೆ ಬಿದ್ದಿತ್ತು. ಪೂರ್ತಿ ಬಿದ್ದ ಮನೆಗೆ ಸರಕಾರದಿಂದ ೫ ಲಕ್ಷ ರೂಪಾಯಿ, ಅಲ್ಪಸ್ವಲ್ಪ ಕೆಟ್ಟ ಮನೆಗೆ ೫೦ ಸಾವಿರ ಎಂದು ನಿಯಮವಾಯಿತು. ನಿಯಮ ಮಾಡಿದವರ ಉದ್ದೇಶ ಒಳ್ಳೆಯದೇ. ಆದರೆ ಓಣಿಯಲ್ಲಿ ಅದರ ಅರ್ಥ ಬೇರೆಯಾಯಿತು. ರಾತ್ರಿ ಒಂದು ಹಾರೆ ಹಿಡಿದು ನಿಂತ ಗೋಡೆಯನ್ನು ದೂಡಿದರೆ ಐದು ಲಕ್ಷ. ನಿಲ್ಲಿಸಿದರೆ ಐವತ್ತು ಸಾವಿರ. ಹಾಗೆ ಮಾಡಲು ಹೇಳಿದವರೂ ಇದ್ದರು.

ನನ್ನ ಅಪ್ಪ ಗೌಂಡಿ. ಆ ರಾತ್ರಿ ಕಂದೀಲು ಹಿಡಿದು ನಾನು ಹಿಂದೆ, ಅವರು ಮುಂದೆ. ಗೋಡೆ ಗೋಡೆಯನ್ನೂ ಕೈಯಿಂದ ಬಡಿದು ಕಿವಿಗೊಟ್ಟು ಕೇಳಿದರು. ತೊಲೆ ಜಂತಿಗಳನ್ನು ಮುಟ್ಟಿ ನೋಡಿದರು. ನಮ್ಮ ಪಾಲಿನ ಮೂರು ಗೋಡೆ ಗಟ್ಟಿ ಇರುವುದಾಗಿಯೂ, ಗಟ್ಟಿ ಗೋಡೆಯನ್ನು ಕೆಡವಲು ತಮ್ಮ ಕೈ ಏಳದೆಂದೂ ಹೇಳಿದರು. ಮೂರು ಮನೆತನದವರು ತಮ್ಮ ಭಾಗ ಬಿಟ್ಟುಕೊಟ್ಟು ನದಿಯಿಂದ ದೂರ ಮನೆ ಕಟ್ಟಿಕೊಂಡರು. ನಾವೂ ಇನ್ನೊಬ್ಬರೂ ಉಳಿದೆವು. ಸಾಲವಾಯಿತು; ಅಕ್ಕನ ಮದುವೆ ಎರಡು ವರ್ಷ ಮುಂದೆ ಹೋಯಿತು. ಅಪ್ಪನ ಮೇಲೆ ನಾನು ಬಹಳ ದಿನ ಸಿಟ್ಟಾಗಿದ್ದೆ. ಓದು ಬಾರದ ಆ ಕೈಗಳು ಅಂದು ಮಾಡಿದ್ದನ್ನೇ ಗೆಡ್ಡಿಸರು ಊರೂರು ತಿರುಗಿ ಮಾಡಿದ್ದರೆಂದು ತಿಳಿದದ್ದು ಈ ವರ್ಷ. ಅಪ್ಪನಿಗೆ ಈ ಕಥೆಯನ್ನು ಹೇಳಿದೆ. ಅವರು ಪೂರ್ತಿ ಕೇಳಿ, ಆ ಸಾಹೇಬರು ಸುಣ್ಣಕ್ಕೆ ಏನು ಕೂಡಿಸುತ್ತಿದ್ದರೆಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ.

ಆದರೂ ಅಪ್ಪನೇ ಸರಿ, ಹೋದವರು ತಪ್ಪು ಎಂದು ನಾನು ಬರೆಯಲಾರೆ. ೨೦೨೪ರ ಜುಲೈದಲ್ಲಿ ನದಿ ಮತ್ತೆ ಊರಿಗೆ ಬಂದಾಗ ನಾವು ಗಂಟುಮೂಟೆ ಹೊತ್ತು ಕಾಳಜಿ ಕೇಂದ್ರಕ್ಕೆ ಹೋದೆವು; ಬಿಟ್ಟುಹೋದವರು ತಮ್ಮ ಹೊಸ ಮನೆಗಳಲ್ಲಿ ನಿಶ್ಚಿಂತೆಯಿಂದ ಮಲಗಿದರು. ನಮ್ಮ ಗೋಡೆ ನಿಂತಿತು, ನಿಜ. ಆದರೆ ಗೋಡೆ ನಿಂತರೆ ಸಾಲದು, ಒಳಗಿನವರೂ ನಿಲ್ಲುವಂತಿರಬೇಕು. ಗೆಡ್ಡಿಸರೇ ಬಂದಿದ್ದರೂ ನದಿಯಂಚಿನ ಕೆಲವು ಮನೆಗಳನ್ನು ತೆಗೆಯಿರೆಂದೇ ಹೇಳುತ್ತಿದ್ದರೋ ಏನೋ. ಎಲ್ಲ ಹಳೆಯದನ್ನೂ ಉಳಿಸಬೇಕೆಂಬುದು ಅವರ ಮತವಾಗಿರಲಿಲ್ಲ, ನೋಡದೆ ಕೆಡವಬಾರದೆಂಬುದಷ್ಟೇ. ಅವರಾಗಿದ್ದರೆ ಮೊದಲು ಓಣಿಯನ್ನು ನಡೆದು ನೋಡುತ್ತಿದ್ದರು. ನಮ್ಮಲ್ಲಿ ಆಗದೆ ಉಳಿದದ್ದು ಅದೊಂದೇ.

ಎಡಿನ್‌ಬರೋದ ರಿಡಲ್ಸ್ ಕೋರ್ಟ್ ಕಟ್ಟಡವು ಮತ್ತೊಮ್ಮೆ ದುರಸ್ತಿಯಾಗಿ ೨೦೧೭ರಲ್ಲಿ ಗೆಡ್ಡಿಸರ ಹೆಸರಿನ ಕೇಂದ್ರವಾಗಿ ತೆರೆಯಿತು. ನಮ್ಮ ಹುಕ್ಕೇರಿಯ ಗುಮ್ಮಟಗಳ ಸುತ್ತಲಿನ ಓಣಿಗಳಲ್ಲಿ, ಮೂಡಲಗಿಯ ಹೊಳೆದಂಡೆಯ ಹಳ್ಳಿಗಳಲ್ಲಿ, ಗೋಕಾಕದ ಹಳೆಯ ಪೇಟೆಯಲ್ಲಿ ನಿಂತಿರುವ ವಾಡೆಗಳು ಎಷ್ಟು, ಅವುಗಳಲ್ಲಿ ಗಟ್ಟಿ ಯಾವುವು, ಸಡಿಲು ಯಾವುವು, ನೀರು ಎಲ್ಲಿಯ ವರೆಗೆ ಬರುವುದು, ಒಳಗೆ ಯಾರಿರುವರು ಎಂಬುದನ್ನು ಬರೆದಿಡುವ ಕೆಲಸಕ್ಕೆ ಸರ್ ಪದವಿ ಬೇಡ, ಬಿ.ಎ. ಕೂಡ ಬೇಡ. ನಮ್ಮ ಕಾಲೇಜಿಗೆ ಈ ಮೂರೂ ಕಡೆಯಿಂದ ಬರುವ ವಿದ್ಯಾರ್ಥಿಗಳಿದ್ದೇವೆ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ಒಂದು ವಾರ, ಒಂದು ವಹಿ, ಒಂದು ಸೀಸಕಡ್ಡಿ ಇದ್ದರೆ ಸಾಕು. ಮುಂದಿನ ಮಳೆಗಾಲದ ಮೊದಲು ಇದನ್ನು ಆರಂಭಿಸೋಣವೆಂದು ಗುರುಗಳಲ್ಲಿಯೂ ಗೆಳೆಯರಲ್ಲಿಯೂ ವಿನಂತಿಸುತ್ತೇನೆ. ನಾನು ಈ ವರ್ಷ ಕಾಲೇಜು ಬಿಡುವವನಾದರೂ, ನಮ್ಮ ಓಣಿಯನ್ನು ನನಗೆ ಬಿಡಿರಿ. ಗೋಡೆ ಬಡಿದು ಹೇಳಲು ಅಪ್ಪ ಬರುತ್ತೇನೆಂದಿದ್ದಾರೆ.